ಮಳೆಗಾಲದಲ್ಲಿ ಸ್ಪೆಕ್ಟ್ರಮ್ ಕೈಕೊಟ್ಟರೆ: ಇನ್‌ಫ್ರಾರೆಡ್ ಪ್ರತಿಫಲನ ಮೈಕ್ರೋಸ್ಕೋಪಿನ ದೋಷ ನಿವಾರಣೆ

ಕೊಡಗಿನಲ್ಲಿ ಪ್ಲಾಸ್ಟಿಕ್ ಪರೀಕ್ಷೆಗೆಂದು ಬರುವ ಸ್ಯಾಂಪಲ್‌ಗಳು ಹೆಚ್ಚಾಗಿ ತೋಟದಿಂದಲೇ ಬರುತ್ತವೆ. ಪದರ ಬಿಟ್ಟುಕೊಂಡ ಕಾಫಿಪುಡಿ ಪೌಚ್, ಕಣದಲ್ಲಿ ಬಿಸಿಲು ತಿಂದು ಪುಡಿಯಾದ ಟಾರ್ಪಾಲ್, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟ ವರ್ಷ ನೀರು ಹಾಯಿಸುವಾಗ ಸೀಳಿದ ಪೈಪ್, ನರ್ಸರಿಯ ಕರಿ ಬ್ಯಾಗ್. ತಂದವರಿಗೆ ಬೇಕಾಗಿರುವುದು ಒಂದೇ ಉತ್ತರ: ಇದು ಯಾವ ಪ್ಲಾಸ್ಟಿಕ್, ಯಾಕೆ ಹಾಳಾಯಿತು?

ಸ್ಯಾಂಪಲ್ಲನ್ನು ಕರಗಿಸದೆ, ಅರೆಯದೆ, ಮೇಲಿನಿಂದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದದ್ದನ್ನು ಅಳೆದು ಉತ್ತರ ಹುಡುಕುವುದು ಪ್ರತಿಫಲನ ವಿಧಾನ. ಸುಲಭವಾಗಿ ಕಾಣುತ್ತದೆ. ಆದರೆ ವಾಪಸ್ ಬರುವ ಬೆಳಕು ಒಂದೇ ದಾರಿಯಲ್ಲಿ ಬರುವುದಿಲ್ಲ. ಒಂದಿಷ್ಟು ಮೇಲ್ಮೈಯಿಂದಲೇ ತಿರುಗುತ್ತದೆ. ಒಂದಿಷ್ಟು ಒಳಗೆ ಹೋಗಿ ತಳಕ್ಕೆ ಬಡಿದು ಬರುತ್ತದೆ. ಒಂದಿಷ್ಟು ಒರಟು ಮೈಯಲ್ಲಿ ಚದುರಿ ಬರುತ್ತದೆ. ಮೂರೂ ಬೆರೆತಾಗ ಸ್ಪೆಕ್ಟ್ರಮ್, ಅಂದರೆ ಯಾವ ಅಲೆಯ ಬೆಳಕು ಎಷ್ಟು ವಾಪಸ್ ಬಂತು ಎಂಬ ಗ್ರಾಫ್, ವಿಚಿತ್ರವಾಗಿ ಕಾಣುತ್ತದೆ, ಸುಮ್ನೆ ಪ್ಲಾಸ್ಟಿಕ್ ಮೇಲೆ ಅಪವಾದ ಬರುತ್ತದೆ. ಹಾಗಾಗಿ ಪೀಕ್ (ಪ್ಲಾಸ್ಟಿಕ್ ಬೆಳಕನ್ನು ಹೀರಿದ ಜಾಗದ ಗುರುತು) ಎಲ್ಲಿದೆ ಎಂದು ನೋಡುವ ಮೊದಲು ಅದರ ಆಕಾರ ಹೇಗಿದೆ ಎಂದು ನೋಡಿ. ಬೆಳಕು ಯಾವ ದಾರಿಯಲ್ಲಿ ಬಂತು ಎಂಬುದನ್ನು ಆಕಾರ ಹೇಳುತ್ತದೆ. ಅದು ಗೊತ್ತಾಗುವ ತನಕ ಪ್ಲಾಸ್ಟಿಕ್ಕಿನ ಹೆಸರು ಹೇಳಬೇಡಿ.

ಮುಂದೆ ಬರುವ ಪೀಕ್ ಸಂಖ್ಯೆಗಳೆಲ್ಲ ವೇವ್‌ನಂಬರಿನಲ್ಲಿವೆ, ಅಂದರೆ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತದೆ ಎಂಬ ಲೆಕ್ಕ.

ಮೊದಲು ಸ್ಯಾಂಪಲ್ ತೆಗೆದಿಡಿ

ತೊಂದರೆ ಯಂತ್ರದ್ದೋ ಸ್ಯಾಂಪಲ್ಲಿನದ್ದೋ ಎಂದು ತಿಳಿಯಲು ಚಿನ್ನದ ಕನ್ನಡಿ ಸಾಕು. ಕನ್ನಡಿಯ ಮೇಲೆ ಬ್ಯಾಕ್‌ಗ್ರೌಂಡ್, ಅಂದರೆ ಹೋಲಿಕೆಗೆ ಬೇಕಾದ ಮೂಲ ಅಳತೆ, ತೆಗೆಯಿರಿ. ಏನನ್ನೂ ಅಲುಗಿಸದೆ ಅದೇ ಜಾಗವನ್ನು ಸ್ಯಾಂಪಲ್ ಎಂದು ಇನ್ನೊಮ್ಮೆ ಅಳೆಯಿರಿ. 100 ಪ್ರತಿಶತದಲ್ಲಿ ನೇರ ಗೆರೆ ಬರಬೇಕು. ಗೆರೆ ಓರೆಯಾಗಿದ್ದರೆ ಯಂತ್ರ ಇನ್ನೂ ಬಿಸಿಯಾಗಿ ನೆಲೆಗೆ ಬಂದಿಲ್ಲ ಅಥವಾ ಬೆಳಕು ಅಳೆಯುವ ಡಿಟೆಕ್ಟರ್ ಸ್ಥಿರವಾಗಿಲ್ಲ. ಗೆರೆಯ ಮೇಲೆ ಚೂಪಾದ ಮುಳ್ಳುಗಳಿದ್ದರೆ ಗಾಳಿಯ ತೇವ. ಗೆರೆ ನೇರವಾಗಿದ್ದೂ ಉದ್ದಕ್ಕೂ ನಡುಗುತ್ತಿದ್ದರೆ ಬೆಳಕು ಸಾಲುತ್ತಿಲ್ಲ.

ಇದು ಸರಿ ಇದ್ದರೆ ಗೊತ್ತಿರುವ ಒಂದು ವಸ್ತು ಇಡಿ. ಯಂತ್ರದ ಜೊತೆ ಬರುವ ಪಾಲಿಸ್ಟೈರೀನ್ ಹಾಳೆಯನ್ನು ಚಿನ್ನದ ಕನ್ನಡಿಯ ಮೇಲೆ ಚಪ್ಪಟೆಯಾಗಿ ಇಟ್ಟು ಅಳೆದರೆ 1601ರ ಪೀಕ್ ಅದೇ ಜಾಗದಲ್ಲಿ ಕಾಣಬೇಕು. ಅಲ್ಲಿಗೆ ಯಂತ್ರ ನಿರ್ದೋಷಿ. ಉಳಿದದ್ದು ಸ್ಯಾಂಪಲ್ ಮತ್ತು ಅದನ್ನು ಇಟ್ಟ ರೀತಿ.

ಚೂಪು ಮುಳ್ಳುಗಳು

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಕ್ಕಡ (ಜುಲೈ–ಆಗಸ್ಟ್) ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಆ ತೇವ ಸ್ಪೆಕ್ಟ್ರಮ್ಮಿನಲ್ಲಿ ಎರಡು ಕಡೆ ಕಾಣುತ್ತದೆ: 1300ರಿಂದ 2000, ಮತ್ತೆ 3400ರಿಂದ 3950. ಒಂದರ ಪಕ್ಕ ಒಂದು ನೆಟ್ಟಂತೆ ಸಣ್ಣ ಸಣ್ಣ ಚೂಪು ಗೆರೆಗಳು. ಪಾಲಿಮರಿನ, ಅಂದರೆ ಪ್ಲಾಸ್ಟಿಕ್ಕಿನ, ಪೀಕ್ ಇಷ್ಟು ಸಪೂರ ಇರುವುದೇ ಇಲ್ಲ, ಆದ್ದರಿಂದ ಗುರುತಿಸುವುದು ಕಷ್ಟವಲ್ಲ. ಕಷ್ಟ ಏನೆಂದರೆ, ಕಾರ್ಬೊನಿಲ್ (ಇಂಗಾಲ–ಆಮ್ಲಜನಕ ಜೋಡಿ) ಮತ್ತು ಅಮೈಡ್ (ನೈಲಾನ್, ಪ್ರೋಟೀನಿನ ಕೊಂಡಿ) ಪೀಕ್‌ಗಳು ಇದೇ 1500–1800ರ ಜಾಗದಲ್ಲಿ ಕೂರುತ್ತವೆ. ಪಿಇಟಿ (ಬಾಟಲಿ ಪ್ಲಾಸ್ಟಿಕ್), ನೈಲಾನ್, ಇವಿಎ (ಎಥಿಲೀನ್–ವಿನೈಲ್ ಅಸಿಟೇಟ್) ಎಲ್ಲವನ್ನೂ ಗುರುತಿಸುವುದು ಇಲ್ಲಿಂದಲೇ.

ಮುಳ್ಳುಗಳು ಯಾವ ಕಡೆಗಿವೆ ನೋಡಿ. ಅಬ್ಸಾರ್ಬೆನ್ಸ್ (ಎಷ್ಟು ಬೆಳಕು ಹೀರಿತು ಎಂಬ) ಗ್ರಾಫಿನಲ್ಲಿ ಮೇಲಕ್ಕಿದ್ದರೆ ಸ್ಯಾಂಪಲ್ ಅಳೆಯುವಾಗ ತೇವ ಜಾಸ್ತಿ ಇತ್ತು. ಕೆಳಕ್ಕಿದ್ದರೆ ಬ್ಯಾಕ್‌ಗ್ರೌಂಡ್ ತೆಗೆಯುವಾಗ ಜಾಸ್ತಿ ಇತ್ತು. ಎರಡರ ನಡುವೆ ಬಾಗಿಲು ತೆರೆದರೂ ಸಾಕು, ವ್ಯತ್ಯಾಸ ಬೀಳುತ್ತದೆ. 2350ರ ಸುತ್ತ ಜೋಡಿ ಗುಡ್ಡದಂತೆ ಕಾಣುವುದು ಇಂಗಾಲದ ಡೈಆಕ್ಸೈಡ್. ಐಪೀಸಿನ ಮೇಲೆ ಬಗ್ಗಿ ಉಸಿರು ಬಿಟ್ಟರೆ ಅದೂ ಏರುತ್ತದೆ, ನೀರಾವಿಯೂ ಏರುತ್ತದೆ.

ಪರಿಹಾರದಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಸರಳವಾದವುಗಳ ಮೇಲೆ. ಪ್ರತಿ ಸ್ಯಾಂಪಲ್ಲಿಗೂ ತಕ್ಷಣ ಮೊದಲು ಹೊಸ ಬ್ಯಾಕ್‌ಗ್ರೌಂಡ್ ತೆಗೆಯಿರಿ. ಆಬ್ಜೆಕ್ಟಿವ್ (ಬೆಳಕನ್ನು ಸ್ಯಾಂಪಲ್ ಮೇಲೆ ಕೂಡಿಸುವ ತುದಿ) ಮತ್ತು ವೇದಿಕೆಯ ಸುತ್ತ ಪ್ಲಾಸ್ಟಿಕ್ ಪರದೆ ಕಟ್ಟಿ ಒಣ ಗಾಳಿ ಅಥವಾ ನೈಟ್ರೋಜನ್ ಬಿಡಿ. ಪರದೆ ಮುಚ್ಚಿದ ಮೇಲೆ ಗಾಳಿ ನೆಲೆಗೊಳ್ಳುವವರೆಗೆ ಕಾಯಿರಿ. ಸಾಫ್ಟ್‌ವೇರಿನಲ್ಲಿ ನೀರಾವಿ ಕಳೆಯುವ ಬಟನ್ ಇದೆ ನಿಜ, ಅದು ಕೊನೆಯ ದಾರಿ. ಸ್ಮೂತ್ ಮಾಡುವುದಂತೂ ಬೇಡವೇ ಬೇಡ. ಮುಳ್ಳು ಹೋಗುವುದಿಲ್ಲ, ಮೊಂಡಾಗಿ ಪಾಲಿಮರ್ ಪೀಕಿನಂತೆ ವೇಷ ಹಾಕುತ್ತದೆ.

ಒಂದು ವಿಷಯ ಬೇರೆ ಮಾಡಿಕೊಳ್ಳಿ. ಗಾಳಿಯಲ್ಲಿರುವ ನೀರಾವಿ ಚೂಪು ಗೆರೆ ಕೊಡುತ್ತದೆ. ಸ್ಯಾಂಪಲ್ಲೇ ಹೀರಿಕೊಂಡ ನೀರು 3400ರ ಸುತ್ತ ಅಗಲವಾದ ಉಬ್ಬು ಮತ್ತು 1640ರಲ್ಲಿ ಇನ್ನೊಂದು ಉಬ್ಬು ಕೊಡುತ್ತದೆ. ನೈಲಾನ್ ನೀರು ಹೀರುವ ಜಾತಿ. ಅದರ ಸ್ಪೆಕ್ಟ್ರಮ್ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಕಂಡರೆ ಅದು ಯಂತ್ರದ ದೋಷವಲ್ಲ. ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು ದಾರಿ, ಆದರೆ ಮಳೆ ಮತ್ತು ತೇವದಲ್ಲಿ ಅಜಗಜಾಂತರ. ಎರಡೂ ಕಡೆಯಿಂದ ಬಂದ ಸ್ಯಾಂಪಲ್ ಹೋಲಿಸುವುದಿದ್ದರೆ ಎರಡನ್ನೂ ಒಟ್ಟಿಗೆ ಒಣಗಿಸಿಕೊಳ್ಳಿ.

ಬೆಳಕು ಸಾಲದಿದ್ದರೆ

ಚಿನ್ನದ ಕನ್ನಡಿಯಲ್ಲೇ ಸಿಗ್ನಲ್ ಕುಸಿದಿದ್ದರೆ ಮೊದಲ ಅನುಮಾನ ಬೆಳಕನ್ನು ಎರಡಾಗಿ ಒಡೆಯುವ ಬೀಮ್‌ಸ್ಪ್ಲಿಟರ್ ಮೇಲೆ. ಹೆಚ್ಚಿನ ಯಂತ್ರಗಳಲ್ಲಿ ಅದು ಪೊಟ್ಯಾಸಿಯಂ ಬ್ರೋಮೈಡಿನದು, ತೇವಕ್ಕೆ ಮಂಜಾಗುತ್ತದೆ. ಮಂಜಾದಾಗ ಬೆಳಕು ಚದುರುತ್ತದೆ, ಚಿಕ್ಕ ಅಲೆ ಮೊದಲು ಚದುರುತ್ತದೆ. ಆದ್ದರಿಂದ ಸಿಂಗಲ್ ಬೀಮ್ (ಬ್ಯಾಕ್‌ಗ್ರೌಂಡಿಗೆ ಹೋಲಿಸದ) ಗ್ರಾಫಿನಲ್ಲಿ 4000ದ ತುದಿ ಮೊದಲು ತಗ್ಗಿದ್ದರೆ ಇದೇ ಕಾರಣ ಇರಬಹುದು. ಬಟ್ಟೆಯಿಂದ ಒರೆಸಲು ಹೋಗಬೇಡಿ, ಇರುವುದೂ ಕೆಡುತ್ತದೆ. ಅದನ್ನು ಬದಲಿಸುವುದು ಸರ್ವಿಸಿನವರ ಕೆಲಸ.

ಅಲ್ಲಿಗೆ ಮುಟ್ಟದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಯಂತ್ರದೊಳಗಿನ ತೇವ ಸೂಚಕ ಬಣ್ಣ ಬದಲಿಸಿದ ದಿನವೇ ಡೆಸಿಕೆಂಟ್ (ತೇವ ಹೀರುವ ವಸ್ತು) ಬದಲಿಸಿ. ತೆಗೆದದ್ದನ್ನು ಮತ್ತೆ ಒಣಗಿಸಲು, ಸಿಲಿಕಾ ಜೆಲ್ ಆದರೆ ಓವನ್ನಿನಲ್ಲಿ 120 ಡಿಗ್ರಿ ಸಾಕು. ಮಾಲಿಕ್ಯುಲರ್ ಸೀವ್ ಆದರೆ 250ರ ಮೇಲೆ ಬೇಕು, 120ರಲ್ಲಿ ಅದು ಸರಿಯಾಗಿ ಒಣಗುವುದಿಲ್ಲ. ಯಾವುದು ಎಂದು ಡಬ್ಬಿ ನೋಡಿಕೊಂಡೇ ಓವನ್ ಹಚ್ಚಿ. ಯಂತ್ರವನ್ನು ರಾತ್ರಿಯೂ ಆಫ್ ಮಾಡಬೇಡಿ, ಒಳಗಿನ ಬಿಸಿಯೇ ತೇವವನ್ನು ದೂರ ಇಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲಿ, ಯುಪಿಎಸ್ ಇಲ್ಲದೆ ಆಗದು.

ಎರಡನೆಯ ಅನುಮಾನ ಎಂಸಿಟಿ (ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್) ಡಿಟೆಕ್ಟರ್. ಅದು ಕೆಲಸ ಮಾಡುವುದು ಲಿಕ್ವಿಡ್ ನೈಟ್ರೋಜನ್ನಿನ ತಂಪಿನಲ್ಲಿ, ಮೈನಸ್ 196 ಡಿಗ್ರಿಯಲ್ಲಿ. ಬೆಳಿಗ್ಗೆ ತುಂಬಿದ್ದು ಸಂಜೆಯವರೆಗೆ ಬರದೆ ಮಧ್ಯಾಹ್ನಕ್ಕೇ ಖಾಲಿಯಾದರೆ, ಡ್ಯೂವರಿನ, ಅಂದರೆ ನೈಟ್ರೋಜನ್ ತುಂಬುವ ಫ್ಲಾಸ್ಕಿನ, ಹೊರಮೈ ಬೆವರಿದರೆ ಅಥವಾ ಮಂಜುಗಟ್ಟಿದರೆ, ಒಳಗಿನ ವ್ಯಾಕ್ಯೂಮ್ ಹೋಗಿದೆ. ಹಾಗಾಗದೆ 3250ರ ಸುತ್ತ ಅಗಲವಾದ ಗುಂಡಿಯೊಂದು ಗಂಟೆಗಂಟೆಗೂ ಆಳವಾಗುತ್ತಿದ್ದರೆ ಡಿಟೆಕ್ಟರ್ ಮುಂದೆ ಐಸ್ ಕಟ್ಟುತ್ತಿದೆ. ಡ್ಯೂವರನ್ನು ಪೂರ್ತಿ ಖಾಲಿ ಮಾಡಿ, ಕೋಣೆಯ ಬಿಸಿಗೆ ತಂದು, ಒಣಗಿಸಿ ಮತ್ತೆ ತುಂಬಿ. ಅದಾದರೂ ಮರುಕಳಿಸಿದರೆ ಅದೂ ವ್ಯಾಕ್ಯೂಮಿನ ತೊಂದರೆಯೇ. ತುಂಬುವಾಗ ಕನ್ನಡಕ, ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಮಳೆ ಎಂದು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ನೈಟ್ರೋಜನ್ ಹರಡಿದರೆ ಉಸಿರಿಗೆ ಅಪಾಯ.

ಕನ್ನಡಿಯಲ್ಲಿ ಚೆನ್ನಾಗಿದ್ದು ಸ್ಯಾಂಪಲ್ಲಿನಲ್ಲಿ ಮಾತ್ರ ಬೆಳಕು ಕಡಿಮೆ ಇದ್ದರೆ ಗಾಬರಿ ಬೇಡ. ಸಾಧಾರಣ ಪಾಲಿಮರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.5. ಲೆಕ್ಕ ಹಾಕಿದರೆ ನೇರ ಬಿದ್ದ ಬೆಳಕಿನಲ್ಲಿ ಮೇಲ್ಮೈಯಿಂದ ವಾಪಸ್ ಬರುವುದು 4 ಪ್ರತಿಶತ ಮಾತ್ರ. ಚಿನ್ನ ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುತ್ತದೆ. 4ಕ್ಕಿಂತ ಬಹಳ ಕಡಿಮೆ ಬಂದರೆ ಸ್ಯಾಂಪಲ್ ಓರೆಯಾಗಿದೆ ಅಥವಾ ಫೋಕಸ್ ತಪ್ಪಿದೆ. ಪೌಚಿನ ತುಂಡು ಸುರುಳಿಯಾಗುವುದು ಸಹಜ. ಅದನ್ನು ಡಬಲ್ ಟೇಪ್ ಹಾಕಿ ಅಂಟಿಸಬೇಡಿ, ಟೇಪಿನ ಅಂಟಿಗೂ 1735ರ ಹತ್ತಿರ ಕಾರ್ಬೊನಿಲ್ ಪೀಕ್ ಇರುತ್ತದೆ. ಅಂಚಿಗೆ ಕ್ಲಿಪ್ ಹಾಕಿ.

ಪೀಕ್ ಅಡ್ಡ ಮಲಗಿದ ಎಸ್ ಆಕಾರದಲ್ಲಿ ಬಂದರೆ

ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿ. ದಪ್ಪ, ನಯವಾದ ಪ್ಲಾಸ್ಟಿಕ್ ತುಂಡು ಇಟ್ಟಿದ್ದೀರಿ. ಮುಚ್ಚಳವೋ, ಬಾಟಲಿಯ ಕತ್ತೋ. ಪೀಕ್ ನೆಟ್ಟಗೆ ಏರಿ ಇಳಿಯುವ ಬದಲು ಒಂದು ಕಡೆ ಏರಿ, ಬೇಸ್‌ಲೈನ್ (ಪೀಕ್ ಇಲ್ಲದ ಜಾಗದ ಗೆರೆ) ದಾಟಿ ಇನ್ನೊಂದು ಕಡೆ ಬಿದ್ದಿದೆ. ಯಂತ್ರ ಕೆಟ್ಟಿಲ್ಲ. ವಾಪಸ್ ಬಂದದ್ದು ಮೇಲ್ಮೈಯಿಂದ ತಿರುಗಿದ ಬೆಳಕು ಮಾತ್ರ ಎಂದು ಅದು ಹೇಳುತ್ತಿದೆ.

ಮೇಲ್ಮೈ ಪ್ರತಿಫಲನವನ್ನು ನಿರ್ಧರಿಸುವುದು ಮುಖ್ಯವಾಗಿ ವಕ್ರೀಭವನ ಸೂಚ್ಯಂಕ. ಹೀರಿಕೆ ಇರುವ ಜಾಗದಲ್ಲಿ ಸೂಚ್ಯಂಕ ಸುಮ್ಮನೆ ಕೂರುವುದಿಲ್ಲ. ಪೀಕಿನ ಮೇಲ್ಬದಿಯಲ್ಲಿ, ಅಂದರೆ ಹೆಚ್ಚು ವೇವ್‌ನಂಬರಿನ ಕಡೆ ತಗ್ಗುತ್ತದೆ, ಕೆಳಬದಿಯಲ್ಲಿ ಏರುತ್ತದೆ. ಆ ಏರಿಳಿತವೇ ಎಸ್ ಆಕಾರ. ಇದನ್ನು ಹಾಗೆಯೇ ಅಬ್ಸಾರ್ಬೆನ್ಸಿಗೆ ಬದಲಿಸಿ ತುದಿ ಓದಿದರೆ ಪೀಕ್ ನಿಜ ಜಾಗದಿಂದ ಮೇಲಕ್ಕೆ ಸರಿದಂತೆ ಕಾಣುತ್ತದೆ. 1720ರಲ್ಲಿರಬೇಕಾದ ಪಿಇಟಿ ಕಾರ್ಬೊನಿಲ್ ಮೇಲೆ ಸರಿದು ಬೇರೆ ಎಸ್ಟರಿನಂತೆ ಕಂಡರೆ ಹೆಸರೇ ತಪ್ಪುತ್ತದೆ, ಅಲ್ವಾ? ಕಾರ್ಬೊನಿಲ್ಲಿನಂಥ ಬಲವಾದ ಪೀಕಿನಲ್ಲಿ ಈ ಡೊಂಕು ಜಾಸ್ತಿ, ಪಾಲಿಎಥಿಲೀನಿನ ಸಣ್ಣ ಪೀಕ್‌ಗಳಲ್ಲಿ ಕಡಿಮೆ.

ಇದಕ್ಕೆ ಗಣಿತದ ಮದ್ದಿದೆ. 1926ರಲ್ಲಿ ಕ್ರೋನಿಗ್, 1927ರಲ್ಲಿ ಕ್ರಾಮರ್ಸ್ ಬೇರೆ ಬೇರೆಯಾಗಿ ತೋರಿಸಿಕೊಟ್ಟ ಸಂಬಂಧ ಅದು. ಪ್ರತಿಫಲನದ ಪೂರ್ತಿ ಗ್ರಾಫ್ ಕೈಯಲ್ಲಿದ್ದರೆ ಅದರಿಂದ ಹೀರಿಕೆಯ ಗ್ರಾಫನ್ನು ಲೆಕ್ಕ ಹಾಕಿ ತೆಗೆಯಬಹುದು. ಸಾಫ್ಟ್‌ವೇರಿನಲ್ಲಿ ಕ್ರಾಮರ್ಸ್–ಕ್ರೋನಿಗ್ ಎಂದೇ ಇರುತ್ತದೆ. ಒತ್ತಿದ ಮೇಲೆ ಎಸ್ ಆಕಾರ ನೇರವಾಗಿ, ಪೀಕ್ ತನ್ನ ಜಾಗಕ್ಕೆ ಬರುತ್ತದೆ.

ಆದರೆ ಮೇಲ್ಮೈಯಿಂದ ಮಾತ್ರ ತಿರುಗಿದ ಬೆಳಕಿಗಷ್ಟೇ ಈ ಮದ್ದು. ಮೈ ನಯವಾಗಿರಬೇಕು, ತುಂಡು ದಪ್ಪವಿರಬೇಕು, ತಳದಿಂದ ಏನೂ ವಾಪಸ್ ಬರಬಾರದು. ತಳದ ಬೆಳಕು ಬೆರೆತ ಗ್ರಾಫಿಗೆ ಇದನ್ನು ಹಚ್ಚಿದರೆ ನೋಡಲು ಅಂದವಾದ ಸುಳ್ಳು ಗ್ರಾಫ್ ಬರುತ್ತದೆ, ಅದು ಎಸ್ ಆಕಾರಕ್ಕಿಂತ ಅಪಾಯ. ಅನುಮಾನ ಇದ್ದರೆ ತುಂಡಿನ ಹಿಂಬದಿಯನ್ನು ಎಮರಿ ಪೇಪರಿನಿಂದ ಉಜ್ಜಿ ಮತ್ತೆ ಅಳೆಯಿರಿ. ಗ್ರಾಫ್ ಬದಲಾದರೆ ತಳದ ಬೆಳಕು ಬೆರೆತಿತ್ತು ಎಂದರ್ಥ.

ಪೀಕಿನ ತಲೆ ಮೊಂಡಾಗಿದ್ದರೆ

ಕಾಫಿಪುಡಿ ಪೌಚಿನ ಸಾಮಾನ್ಯ ರಚನೆ ಹೀಗೆ: ಹೊರಗೆ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಆಸುಪಾಸು ಪಿಇಟಿ, ನಡುವೆ ತೆಳು ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಎಥಿಲೀನ್. ಹೊರಗಿನಿಂದ ಅಳೆದರೆ ಬೆಳಕು ಪಿಇಟಿ ದಾಟಿ, ಅಲ್ಯೂಮಿನಿಯಂಗೆ ಬಡಿದು, ಮತ್ತೆ ಪಿಇಟಿ ದಾಟಿ ಬರುತ್ತದೆ. 12 ಮೈಕ್ರಾನ್ ಅಲ್ಲ, 24 ಮೈಕ್ರಾನ್ ದಾಟಿದಂತೆ. ಕಾರ್ಬೊನಿಲ್ ಜಾಗದಲ್ಲಿ ಒಳಗೆ ಹೋದ ಬೆಳಕು ವಾಪಸ್ ಬರುವುದೇ ಇಲ್ಲ. ಅಲ್ಲಿ ಡಿಟೆಕ್ಟರಿಗೆ ಸಿಗುವುದು ಮೇಲ್ಮೈಯ ಆ 4 ಪ್ರತಿಶತ ಮಾತ್ರ.

4 ಪ್ರತಿಶತ ಎಂದರೆ ಅಬ್ಸಾರ್ಬೆನ್ಸಿನಲ್ಲಿ 1.4. ಹಾಗಾಗಿ ಬಲವಾದ ಪೀಕ್‌ಗಳೆಲ್ಲ 1.4ರ ಹತ್ತಿರ ಒಂದೇ ಸೂರಿಗೆ ತಲೆ ಬಡಿದು ನಿಂತಿದ್ದರೆ, ತುದಿಯಲ್ಲಿ ಸಣ್ಣ ಎಸ್ ಆಕಾರದ ಡೊಂಕು ಇದ್ದರೆ, ಇದೇ ಕಾರಣ. ಆ ಪೀಕ್‌ಗಳ ಎತ್ತರದಿಂದ ಯಾವ ಲೆಕ್ಕವನ್ನೂ ಮಾಡಬೇಡಿ. ಸ್ಕ್ಯಾನ್ ಸಂಖ್ಯೆ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಪಕ್ಕದ ಸಣ್ಣ ಪೀಕ್‌ಗಳನ್ನು ಓದಿ, ಅಥವಾ ಎಟಿಆರ್ ತುದಿ (ಸ್ಯಾಂಪಲ್ಲಿಗೆ ಒತ್ತಿ ಮೇಲ್ಮೈಯನ್ನಷ್ಟೇ ಅಳೆಯುವ ಹರಳು) ಹಾಕಿ. ಜರ್ಮೇನಿಯಂ ಎಟಿಆರ್ 1000ದ ಹತ್ತಿರ ನೋಡುವುದು ಅರ್ಧ ಮೈಕ್ರಾನಿಗಿಂತ ಸ್ವಲ್ಪ ಜಾಸ್ತಿ ಆಳ ಮಾತ್ರ, ತಲೆ ಮೊಂಡಾಗುವ ಪ್ರಶ್ನೆಯೇ ಇಲ್ಲ. ಹಾಗೆಂದು ತುಂಬ ಒತ್ತಬೇಡಿ, ಜರ್ಮೇನಿಯಂ ಒಡೆಯುತ್ತದೆ. ಸಾಲದಷ್ಟು ಒತ್ತಿದರೆ 2900ರ ಕಡೆಯ ಪೀಕ್‌ಗಳು ಮೊದಲು ಸೊರಗುತ್ತವೆ. ಅದು ಸಂಪರ್ಕ ಸರಿಯಾಗಿಲ್ಲ ಎಂಬ ಗುರುತು.

ಬೇಸ್‌ಲೈನ್ ಅಲೆ ಅಲೆಯಾಗಿದ್ದರೆ

ಸಮ ಅಂತರದ ಅಲೆಗಳಾದರೆ ಅದು ತೆಳು ಹಾಳೆಯ ಎರಡು ಮುಖಗಳಿಂದ ಬಂದ ಬೆಳಕು ಒಂದಕ್ಕೊಂದು ಸೇರಿದ್ದು. ದೋಷ ಎನ್ನುವ ಮೊದಲು ಉಪಯೋಗಿಸಿಕೊಳ್ಳಿ, ಹಾಳೆಯ ದಪ್ಪ ಪುಕ್ಕಟೆ ಸಿಗುತ್ತದೆ. ಪೀಕ್ ಇಲ್ಲದ ಜಾಗದಲ್ಲಿ, ಉದಾಹರಣೆಗೆ ಪಾಲಿಎಥಿಲೀನಿನಲ್ಲಿ 2600ರಿಂದ 2000, ಅಲೆಗಳನ್ನು ಎಣಿಸಿ. ಅಲ್ಲಿ 6 ಅಲೆ ಇದ್ದರೆ ಒಂದರ ಅಂತರ 100. 10,000ವನ್ನು ಆ ಅಂತರ ಮತ್ತು ಸೂಚ್ಯಂಕದ ಎರಡರಷ್ಟರ ಗುಣಲಬ್ಧದಿಂದ ಭಾಗಿಸಿ. ಸೂಚ್ಯಂಕ 1.5 ಎಂದರೆ 10,000 ಭಾಗಿಸು 300, ಅಂದರೆ 33 ಮೈಕ್ರಾನ್. ಅಲೆ ಬೇಡವೇ ಬೇಡ ಎಂದಾದರೆ ಹಿಂಬದಿ ಉಜ್ಜಿ ಅಥವಾ ಎಟಿಆರ್ ಬಳಸಿ.

ಇಲ್ಲದ ಪದರ ಕಂಡರೆ

ತೋಟದ ಸ್ಯಾಂಪಲ್ಲಿನಲ್ಲಿ ನಾನು ಎಲ್ಲಕ್ಕಿಂತ ಎಚ್ಚರ ವಹಿಸುವುದು ಇದಕ್ಕೆ. ಪೌಚಿನ ಒಳಪದರ ಪಾಲಿಎಥಿಲೀನ್ ಎಂದು ಗೊತ್ತು. ಅಳೆದರೆ 1745ರ ಹತ್ತಿರ ಕಾರ್ಬೊನಿಲ್ ಪೀಕ್. ಕಂಪನಿಯವರು ಹೇಳದೆ ಇವಿಎ ಬೆರೆಸಿದ್ದಾರೆ ಎಂದೋ, ಪ್ಲಾಸ್ಟಿಕ್ ಆಕ್ಸಿಡೀಕರಣಗೊಂಡಿದೆ ಎಂದೋ ಬರೆದುಬಿಡುವುದು ಸುಲಭ. ತಡೆಯಿರಿ. ಹುರಿದ ಕಾಫಿಯಲ್ಲಿ ಎಣ್ಣೆ ಇದೆ. ಆ ಎಣ್ಣೆ ಒಳಪದರಕ್ಕೆ ಹತ್ತಿರುತ್ತದೆ. ಎಣ್ಣೆಯ ಕಾರ್ಬೊನಿಲ್ ಕೂರುವುದೂ ಇಲ್ಲೇ.

ಒಂದು ಪೀಕಿನಿಂದ ತೀರ್ಮಾನ ಬೇಡ, ಜೊತೆಗಾರರನ್ನು ಹುಡುಕಿ. ಇವಿಎ ಆದರೆ 1740ರ ಜೊತೆ 1240 ಮತ್ತು 1020 ಇರಲೇಬೇಕು. ಎಣ್ಣೆ ಆದರೆ 1160ರಲ್ಲಿ ಮುಖ್ಯ ಜೊತೆಗಾರ. ಪಾಲಿಎಥಿಲೀನ್ ಬಿಸಿಲಿಗೆ ಹಾಳಾದದ್ದಾದರೆ ಕಾರ್ಬೊನಿಲ್ ಕೆಳಗೆ, 1715ರ ಸುತ್ತ, ಅಗಲವಾಗಿ ಬರುತ್ತದೆ. ಇನ್ನೂ ಅನುಮಾನ ಇದ್ದರೆ ಹೆಕ್ಸೇನ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ ಮತ್ತೆ ಅಳೆಯಿರಿ. ಪೀಕ್ ಹೆಚ್ಚುಕಡಿಮೆ ಹೋದರೆ ಎಣ್ಣೆ, ನಿಂತರೆ ಪ್ಲಾಸ್ಟಿಕ್ಕಿನದ್ದೇ. ಪಾಲಿಎಥಿಲೀನ್ ಎಣ್ಣೆಯನ್ನು ಒಳಗೂ ಸ್ವಲ್ಪ ಹೀರಿಕೊಳ್ಳುತ್ತದೆ, ಆದ್ದರಿಂದ ಒಮ್ಮೆ ಒರೆಸಿ ಅರ್ಧ ಇಳಿದರೆ ಮತ್ತೊಮ್ಮೆ ಒರೆಸಿ ನೋಡಿ.

ಇನ್ನೊಂದು ಬೂಷ್ಟು. ಜುಲೈನಲ್ಲಿ ಒಂದು ವಾರ ಹೊರಗಿಟ್ಟ ಚೀಲಕ್ಕೆ ಬೂಷ್ಟು ಹಿಡಿಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಮೈಕ್ರೋಸ್ಕೋಪ್ ಬೆಳಕು ಬಿಡುವ ಸಣ್ಣ ಕಿಂಡಿಯಲ್ಲಿ ಅದೇ ತುಂಬಿಕೊಳ್ಳಬಹುದು. ಅದರ ಪ್ರೋಟೀನ್ 1650 ಮತ್ತು 1540ರಲ್ಲಿ ಪೀಕ್ ಕೊಡುತ್ತದೆ. ನೈಲಾನ್ 6 ಕೊಡುವುದು 1640 ಮತ್ತು 1545ರಲ್ಲಿ. ಎರಡಕ್ಕೂ 3300ರಲ್ಲಿ ಇನ್ನೊಂದಿದೆ. ಗಾಳಿ ತಡೆಯುವ ಪದರಕ್ಕೆ ನೈಲಾನ್ ಹಾಕುವುದು ವಾಡಿಕೆ ಇರುವುದರಿಂದ ನಂಬಿಕೆ ಬರುವಂತೆಯೂ ಕಾಣುತ್ತದೆ. ವ್ಯತ್ಯಾಸ ಹೇಳುವುದು 1000–1100ರ ಜಾಗ: ಬೂಷ್ಟಿನ ಸಕ್ಕರೆ ಸರಪಳಿಗಳು ಅಲ್ಲಿ ದೊಡ್ಡ ಅಗಲವಾದ ಉಬ್ಬು ಕೊಡುತ್ತವೆ, ನೈಲಾನಿನಲ್ಲಿ ಆ ಉಬ್ಬು ಇಲ್ಲ. ನೈಲಾನಿನ ಪೀಕ್‌ಗಳು ಸಪೂರ, 2930 ಮತ್ತು 2860 ಸ್ಪಷ್ಟ. ಜಾಗ ಬದಲಿಸಿ ನಾಲ್ಕೈದು ಕಡೆ ಅಳೆದರೂ ತಿಳಿಯುತ್ತದೆ. ಪದರವಾದರೆ ಎಲ್ಲ ಕಡೆ ಇರುತ್ತದೆ, ಬೂಷ್ಟು ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಬೆರಳಿನ ಚರ್ಮದ ಚೂರಿಗೂ ಇದೇ ಅಮೈಡ್ ಪೀಕ್‌ಗಳು, ಚಿಮಟ ಬಳಸಿ. ಸ್ಯಾಂಪಲ್ ತರುವವರಿಗೂ ಮೊದಲೇ ಹೇಳಿ: ಕಾಗದದ ಕವರಿನಲ್ಲಿ ಹಾಕಿ, ಅದನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟು ತನ್ನಿ.

ಪಕ್ಕದ ಪದರದ ಪೀಕ್ ನುಸುಳಿದರೆ

ಪೌಚನ್ನು ಅಡ್ಡಕ್ಕೆ ಕೊಯ್ದು ಒಂದೊಂದೇ ಪದರ ಅಳೆಯುವಾಗ ಇದು ಖಂಡಿತ ಬರುತ್ತದೆ. 1000 ಎಂದರೆ ಅಲೆಯ ಉದ್ದ 10 ಮೈಕ್ರಾನ್. ಕಿಂಡಿಯನ್ನು 5 ಮೈಕ್ರಾನಿಗೆ ಇಳಿಸಿದರೂ ಬೆಳಕು ಅಷ್ಟರಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಹರಡುತ್ತದೆ. ಪದರಗಳ ನಡುವಿನ ಎರಡು ಮೂರು ಮೈಕ್ರಾನಿನ ಅಂಟನ್ನು ಹೀಗೆ ಪ್ರತ್ಯೇಕವಾಗಿ ಅಳೆಯಲು ಆಗುವುದಿಲ್ಲ, ಪ್ರಯತ್ನಿಸಿ ಸಮಯ ಕಳೆಯಬೇಡಿ. ಪೌಚ್ ಬಿಟ್ಟುಕೊಂಡಿದ್ದರೆ ಬಿಟ್ಟ ಎರಡೂ ಮುಖಗಳನ್ನು ಮೇಲಿನಿಂದ ಎಟಿಆರ್‌ನಲ್ಲಿ ಅಳೆಯಿರಿ. ಅಂಟು ಯಾವ ಮುಖದಲ್ಲಿ ಉಳಿದಿದೆ ಎಂದು ಗೊತ್ತಾದರೆ ಬಿಟ್ಟುಕೊಂಡದ್ದು ಎಲ್ಲಿ ಎಂಬುದೂ ಗೊತ್ತಾಗುತ್ತದೆ. ತುಂಡನ್ನು ಎಪಾಕ್ಸಿ ರಾಳದಲ್ಲಿ ಹೂತು ಕೊಯ್ದಿದ್ದರೆ 1510 ಮತ್ತು 830ರ ಪೀಕ್ ಎಪಾಕ್ಸಿಯದ್ದು ಎಂದು ನೆನಪಿರಲಿ.

ಕರಿ ಬ್ಯಾಗ್, ಕರಿ ಪೈಪ್

ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕರಿ ಪುಡಿ) ಇರುವ ಪ್ಲಾಸ್ಟಿಕ್ಕಿನಲ್ಲಿ ಪ್ರತಿಫಲನ ಗ್ರಾಫ್ ಚಪ್ಪಟೆ ಗೆರೆಯಂತೆ ಬಂದರೆ ಹೋರಾಡಬೇಡಿ. ನೇರವಾಗಿ ಜರ್ಮೇನಿಯಂ ಎಟಿಆರ್ ಹಾಕಿ. ಅದರ ಸೂಚ್ಯಂಕ 4, ಕರಿಯನ್ನೂ ಅದು ನಿಭಾಯಿಸುತ್ತದೆ. ವಜ್ರದ ಎಟಿಆರ್ ತುದಿಯ ಸೂಚ್ಯಂಕ 2.4, ಅಲ್ಲಿ ಪೀಕ್‌ಗಳು ಮತ್ತೆ ಡೊಂಕಾಗುತ್ತವೆ.

ಲೈಬ್ರರಿ ತಪ್ಪು ಹೆಸರು ಕೊಟ್ಟರೆ

ಸಾಫ್ಟ್‌ವೇರಿನ ಲೈಬ್ರರಿಯಲ್ಲಿ, ಅಂದರೆ ಹೋಲಿಕೆಗೆ ಇಟ್ಟ ಗ್ರಾಫ್‌ಗಳ ಸಂಗ್ರಹದಲ್ಲಿ, ಇರುವುದು ಬಹುಪಾಲು ಟ್ರಾನ್ಸ್‌ಮಿಶನ್ (ಬೆಳಕು ಸ್ಯಾಂಪಲ್ ದಾಟಿ ಹೋದ) ಅಥವಾ ಎಟಿಆರ್ ಗ್ರಾಫ್‌ಗಳು. ಹಸಿ ಪ್ರತಿಫಲನ ಗ್ರಾಫನ್ನು ಅದಕ್ಕೆ ಹೋಲಿಸಿದರೆ ಏನಾದರೊಂದು ಹೆಸರು ಬಂದೇ ಬರುತ್ತದೆ. ಮೊದಲು ಮೇಲೆ ಹೇಳಿದಂತೆ ಆಕಾರ ಸರಿ ಮಾಡಿ. 2300–2400ರ ಇಂಗಾಲದ ಡೈಆಕ್ಸೈಡ್ ಜಾಗವನ್ನು ಹುಡುಕಾಟದಿಂದ ಬಿಡಿ. ವರದಿಯಲ್ಲಿ ಯಾವ ವಿಧಾನ, ಯಾವ ಬ್ಯಾಕ್‌ಗ್ರೌಂಡ್, ಕಿಂಡಿ ಎಷ್ಟು, ಕ್ರಾಮರ್ಸ್–ಕ್ರೋನಿಗ್ ಹಚ್ಚಿದ್ದೀರಾ ಇಲ್ಲವಾ ಎಂದು ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಪೈಪ್ ಮತ್ತೆ ಬಂದಾಗ ಹಳೆಯ ಗ್ರಾಫಿಗೆ ಹೋಲಿಸಲು ಆಗದು.

ಪಿವಿಸಿ ಪೈಪಿನಲ್ಲಿ ಹೀಗೂ ಆಗುತ್ತದೆ. ಅದರ ಕ್ಲೋರಿನ್ ಪೀಕ್‌ಗಳು 610ರಿಂದ 690ರ ನಡುವೆ ಕೂರುತ್ತವೆ. ಮೈಕ್ರೋಸ್ಕೋಪಿನ ಎಂಸಿಟಿ ಡಿಟೆಕ್ಟರ್‌ಗಳಲ್ಲಿ ಹಲವು 650–700ರ ಹತ್ತಿರವೇ ನಿಲ್ಲುತ್ತವೆ. ಕ್ಲೋರಿನ್ ಕಾಣಲಿಲ್ಲ, ಆದ್ದರಿಂದ ಪಿವಿಸಿ ಅಲ್ಲ ಎಂದು ಬರೆಯಬೇಡಿ. 1430 ಮತ್ತು 1255 ನೋಡಿ. ಬಿಳಿ ಪೈಪಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿದ್ದರೆ 1420ರ ಸುತ್ತ ಅದರದ್ದೇ ಅಗಲವಾದ ಉಬ್ಬು 1430ನ್ನು ಮುಚ್ಚಿಬಿಡುತ್ತದೆ. ಆಗ 875ರಲ್ಲಿ ಸಪೂರ ಪೀಕ್ ಇದೆಯಾ ಎಂದು ನೋಡಿ ಪುಡಿಯನ್ನು ಖಚಿತ ಮಾಡಿಕೊಳ್ಳಿ. ಆಮೇಲೆ ಅದೇ ತುಂಡನ್ನು ಮೈಕ್ರೋಸ್ಕೋಪಿನಿಂದ ತೆಗೆದು, 400ರವರೆಗೆ ನೋಡಬಲ್ಲ ಮುಖ್ಯ ಯಂತ್ರದ ಸಾಧಾರಣ ಡಿಟೆಕ್ಟರಿನಲ್ಲಿ ಇನ್ನೊಮ್ಮೆ ಅಳೆಯಿರಿ.